ಮನೆ ಖಾಲಿ ಮಾಡಿಸಿದರೆ ಕಾಟ ಮುಗಿಯುತ್ತದೆಯೇ?

ಇಂಗ್ಲೆಂಡಿನಲ್ಲಿ ಸುಮಾರು 40 ಲಕ್ಷ ಕುಟುಂಬಗಳು ಸ್ಥಳೀಯ ಕೌನ್ಸಿಲ್‌ಗಳಿಗೋ ಹೌಸಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಗಳಿಗೋ ಸೇರಿದ ಮನೆಗಳಲ್ಲಿ ಕಡಿಮೆ ಬಾಡಿಗೆಗೆ ವಾಸವಾಗಿವೆ. ನಮ್ಮ ಗೃಹಮಂಡಳಿ ಮನೆ ಕಟ್ಟಿ ಮಾರಿದ ಮೇಲೆ ಅಕ್ಕಪಕ್ಕದವರ ಜಗಳ ಅದರ ತಲೆನೋವಲ್ಲ. ಅಲ್ಲಿ ಹಾಗಲ್ಲ. ಮನೆ ಸಂಸ್ಥೆಯದಾಗಿಯೇ ಉಳಿಯುವುದರಿಂದ ನಡುರಾತ್ರಿಯ ಅಬ್ಬರದ ಹಾಡು, ಮೆಟ್ಟಿಲ ಬಳಿ ಮಾದಕವಸ್ತು ಮಾರಾಟ, ಬಾಗಿಲು ಒದ್ದು ಬೆದರಿಸುವುದು, ಮೈಬಣ್ಣ ಹಿಡಿದು ನಿಂದಿಸುವುದು, ಹೀಗೆ ಎಲ್ಲದರ ದೂರೂ ಮನೆಯೊಡೆಯನ ಸ್ಥಾನದಲ್ಲಿರುವ ಸಂಸ್ಥೆಗೇ ಹೋಗುತ್ತದೆ. ಇಂಥ ದೂರುಗಳನ್ನು ಹೇಗೆ ನಿಭಾಯಿಸುತ್ತೇವೆ ಎಂಬುದನ್ನು ಬರೆದು ಪ್ರಕಟಿಸುವುದು ಅದರ ಕಾನೂನುಬದ್ಧ ಕರ್ತವ್ಯ. ಮೂರು ದಶಕಗಳಲ್ಲಿ ಸರ್ಕಾರಗಳು ಈ ಸಂಸ್ಥೆಗಳ ಕೈಗೆ ಒಂದರ ಮೇಲೊಂದು ಅಧಿಕಾರ ಕೊಡುತ್ತ ಬಂದಿವೆ. ಆದರೆ ನೊಂದವರ ಪಾಲಿಗೆ ಆ ಅಧಿಕಾರಗಳಿಗಿಂತ ಮುಖ್ಯವಾದದ್ದು, ಮೊದಲ ದೂರು ಬಂದ ದಿನಗಳಲ್ಲಿ ಸಂಸ್ಥೆ ಏನು ಮಾಡಿತು ಎಂಬುದು ಎಂದೇ ನಾನು ನಂಬಿದ್ದೇನೆ.

ಅಧಿಕಾರಗಳೇನೂ ಕಡಿಮೆಯಿಲ್ಲ. 1996ರ ವಸತಿ ಕಾಯ್ದೆ ಹೊಸ ಬಾಡಿಗೆದಾರರನ್ನು ಒಂದು ವರ್ಷ ಪರೀಕ್ಷಾರ್ಥವಾಗಿ ಇರಿಸಿಕೊಳ್ಳಲು ಕೌನ್ಸಿಲ್‌ಗಳಿಗೆ ಅವಕಾಶ ಕೊಟ್ಟಿತು. 1998ರ ಕಾಯ್ದೆಯಿಂದ ‘ಆಸ್ಬೊ’ ಎಂದೇ ಹೆಸರಾದ ಸಮಾಜವಿರೋಧಿ ವರ್ತನೆಯ ಆಜ್ಞೆ ಬಂತು. 2003ರ ಕಾಯ್ದೆಯಿಂದ ಬಾಡಿಗೆದಾರರ ವಾಸದ ಭದ್ರತೆಯನ್ನೇ ಕೆಳದರ್ಜೆಗೆ ಇಳಿಸುವ ಅಧಿಕಾರ ಸಿಕ್ಕಿತು. 2014ರ ಕಾಯ್ದೆ ಆಸ್ಬೊವನ್ನು ಕೈಬಿಟ್ಟು ಸಿವಿಲ್ ತಡೆಯಾಜ್ಞೆಯನ್ನು ತಂದಿತು. ಇದಕ್ಕೆ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಬೇಕಿಲ್ಲ; ನಡೆದಿರುವ ಸಂಭವವೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಸಾಕು. ವಸತಿಗೆ ಸಂಬಂಧಿಸಿದ ದೂರಿನಲ್ಲಿ ಉಪದ್ರವ ಅಥವಾ ಕಿರಿಕಿರಿ ಉಂಟಾಗುವಂತಿದ್ದರೂ ಆಜ್ಞೆ ಹೊರಡಿಸಬಹುದು. ಅದನ್ನು ಮೀರಿದ ವಯಸ್ಕರಿಗೆ ಎರಡು ವರ್ಷದವರೆಗೆ ಜೈಲಾಗಬಹುದು. ಗಂಭೀರ ಅಪರಾಧ ಸಾಬೀತಾದರೆ ಅಥವಾ ತಡೆಯಾಜ್ಞೆ ಮೀರಿದ್ದು ರುಜುವಾತಾದರೆ, ಒಕ್ಕಲೆಬ್ಬಿಸುವುದು ಸರಿಯೇ ಎಂದು ಅಳೆದು ನೋಡಲು ನ್ಯಾಯಾಲಯಕ್ಕಿದ್ದ ಅವಕಾಶವನ್ನೂ ಅದೇ ಕಾಯ್ದೆ ಬಹುಮಟ್ಟಿಗೆ ಮೊಟಕುಗೊಳಿಸಿತು.

ಆದರೆ ಕಚೇರಿಗೆ ಬರುವ ದೂರುಗಳಲ್ಲಿ ಬಹಳಷ್ಟು ಈ ಅಸ್ತ್ರಗಳಿಗೆ ಸಿಕ್ಕುವಂಥವಲ್ಲ. ಬಾಡಿಗೆದಾರರ ಅಹವಾಲು ಕೇಳುವ ಹೌಸಿಂಗ್ ಓಂಬುಡ್ಸ್‌ಮನ್ 2022ರ ಅಕ್ಟೋಬರ್‌ನಲ್ಲಿ ಸದ್ದಿನ ದೂರುಗಳ ಬಗ್ಗೆಯೇ ಒಂದು ವರದಿ ಹೊರತಂದರು. ನೆರೆಯವರನ್ನು ಕಾಡುವ ಸದ್ದಿನಲ್ಲಿ ದೊಡ್ಡ ಪಾಲು ನಡೆದಾಟದ್ದು, ಬಾಗಿಲು ಹಾಕಿದ್ದು, ಬಟ್ಟೆ ಒಗೆಯುವ ಯಂತ್ರದ್ದು. ಅಂದರೆ ದಿನನಿತ್ಯದ ಬದುಕಿನದ್ದು. ಹಳೆಯ ಕಟ್ಟಡದ ತೆಳುವಾದ ನೆಲ ಆ ಸದ್ದನ್ನು ಕೆಳಮನೆಗೆ ದಾಟಿಸುತ್ತದೆ. ಇದನ್ನು ಸಮಾಜವಿರೋಧಿ ವರ್ತನೆಯ ಕಡತಕ್ಕೆ ಹಾಕಿದ ಕೂಡಲೇ ಮೇಲಿನ ಮನೆಯವರು ಆರೋಪಿಗಳಾಗುತ್ತಾರೆ, ಕೆಳಗಿನವರಿಗೆ ತಿಂಗಳುಗಟ್ಟಲೆ ಡೈರಿ ಬರೆಯುವ ಕೆಲಸ ಬೀಳುತ್ತದೆ, ಕೊನೆಗೆ ಸಾಕ್ಷ್ಯ ಸಾಲದೆಂದು ಕಡತ ಮುಚ್ಚುತ್ತದೆ. ಖಾಲಿಯಾದ ಮನೆಯಲ್ಲಿ ಚೆನ್ನಾಗಿರುವ ಕಾರ್ಪೆಟ್ ಕಿತ್ತೆಸೆಯಬೇಡಿ, ಯಂತ್ರದಡಿ ಕಂಪನ ತಡೆಯುವ ಚಾಪೆ ಹಾಕಿ ಎಂಬಂಥ ಸಾದಾ ಸಲಹೆಗಳನ್ನು ಆ ವರದಿ ಕೊಟ್ಟಿತು. ಕಟ್ಟಡದ ದೋಷಕ್ಕೆ ಮನುಷ್ಯರನ್ನು ಹೊಣೆ ಮಾಡಿ ಎರಡು ಮನೆಗಳ ನಡುವೆ ದ್ವೇಷ ಬೆಳೆಸುವುದು ಸಂಸ್ಥೆಯ ತಪ್ಪು. ಅದನ್ನು ಬಾಡಿಗೆದಾರರ ಸ್ವಭಾವದ ತಪ್ಪೆಂದು ಬರೆದುಕೊಳ್ಳುವುದು ಅನ್ಯಾಯ.

ನಿಜವಾಗಿಯೂ ಕಾಟ ಕೊಡುವವರ ಮಾತು ಬೇರೆ. ಅವರನ್ನು ಹೊರಹಾಕಿದರೆ ಆ ಮೆಟ್ಟಿಲು, ಆ ಅಂಗಳ ಶಾಂತವಾಗುವುದು ಹೌದು. ಆದರೆ ಆ ಕುಟುಂಬ ಎಲ್ಲಿ ಹೋಯಿತು? ಸ್ವಂತ ವರ್ತನೆಯಿಂದ ಮನೆ ಕಳೆದುಕೊಂಡವರನ್ನು ಕಾನೂನು ಬೇಕೆಂದೇ ಮನೆ ಕಳೆದುಕೊಂಡವರೆಂದು ಪರಿಗಣಿಸಬಹುದು. ಆಗ ಕೌನ್ಸಿಲ್‌ಗೆ ಅವರಿಗೆ ಶಾಶ್ವತ ನೆಲೆ ಒದಗಿಸುವ ಹೊಣೆ ಇರುವುದಿಲ್ಲ. ಅವರು ಖಾಸಗಿ ಬಾಡಿಗೆಗೋ ಬಂಧುಗಳ ಮನೆಗೋ ಸೇರುತ್ತಾರೆ, ಕಾಟವೂ ಬೇರೆ ಬೀದಿ ಸೇರುತ್ತದೆ. ಶಿಕ್ಷೆ ತಪ್ಪು ಮಾಡದವರಿಗೂ ತಗಲುತ್ತದೆ. ಮ್ಯಾಂಚೆಸ್ಟರ್ ಕೌನ್ಸಿಲ್ 30 ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದ ಬಾಡಿಗೆದಾರರೊಬ್ಬರನ್ನು ಮಕ್ಕಳೂ ಸೇರಿದಂತೆ ಮನೆಮಂದಿಯ ವರ್ತನೆಯ ಕಾರಣಕ್ಕೆ ಬಿಡಿಸಲು ಹೊರಟಿತು. 2010ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಇಂಥ ಕ್ರಮ ತಪ್ಪಿಗೆ ತಕ್ಕಷ್ಟಿದೆಯೇ ಎಂದು ನ್ಯಾಯಾಲಯ ಅಳೆಯಬಹುದು ಎಂಬ ಮಹತ್ವದ ತತ್ವವನ್ನು ಒಪ್ಪಿತು. ಆದರೂ ಆ ಪ್ರಕರಣದಲ್ಲಿ ಕೌನ್ಸಿಲ್ ಪರವಾಗಿಯೇ ತೀರ್ಪು ಕೊಟ್ಟಿತು. ಸ್ಕಾಟ್ಲೆಂಡಿನ ಡಂಡೀ ನಗರ ಇನ್ನೊಂದು ದಾರಿ ಹಿಡಿದಿತ್ತು. 1990ರ ದಶಕದ ನಡುಭಾಗದಲ್ಲಿ ಅಲ್ಲಿ, ಮನೆ ಕಳೆದುಕೊಳ್ಳುವ ಅಂಚಿನಲ್ಲಿದ್ದ ಕುಟುಂಬಗಳ ಜೊತೆಗೇ ಕೆಲಸಗಾರರು ನಿಂತು ಮಕ್ಕಳ ಪಾಲನೆ, ಕುಡಿತ, ಸಾಲ ಎಲ್ಲವನ್ನೂ ಒಟ್ಟಿಗೆ ಹಿಡಿದು ತಿದ್ದುವ ಯೋಜನೆ ಶುರುವಾಯಿತು. ಅದರಲ್ಲಿ ಭಾಗಿಯಾದ ಹೆಚ್ಚಿನ ಕುಟುಂಬಗಳು ಸುಧಾರಿಸಿದವೆಂದು ಮುಂದೆ ನಡೆದ ಮೌಲ್ಯಮಾಪನ ಕಂಡುಕೊಂಡಿತು. ಇದೇ ಜಾಡಿನಲ್ಲಿ ಇಂಗ್ಲೆಂಡಿನಲ್ಲಿ ಬ್ರಿಟನ್ ಸರ್ಕಾರ 2012ರಲ್ಲಿ 1,20,000 ಕುಟುಂಬಗಳ ಗುರಿಯಿಟ್ಟು ದೊಡ್ಡ ಕಾರ್ಯಕ್ರಮ ಆರಂಭಿಸಿತು. ಗಣನೀಯ ಪರಿಣಾಮ ಕಾಣಲಿಲ್ಲವೆಂದು 2016ರ ಮೌಲ್ಯಮಾಪನ ಹೇಳಿದಾಗ ಅದರ ಹಿರಿಮೆಯ ಮಾತುಗಳು ಕುಗ್ಗಿದವು. ಅಷ್ಟಕ್ಕೇ ಇಡೀ ದಾರಿಯೇ ತಪ್ಪೆನ್ನಲು ನಾನು ಒಪ್ಪಲಾರೆ. ತೀರಾ ಹತ್ತಿರದಿಂದ ನಡೆಯಬೇಕಾದ ಕೆಲಸವನ್ನು ಅವಸರದಲ್ಲಿ, ಗುರಿಸಂಖ್ಯೆ ಮುಟ್ಟಲು ಹಿಗ್ಗಿಸಿದರೆ ಅದು ತೆಳುವಾಗುವುದು ಸಹಜ.

ಕಾಟ ಕೊಡುವವರಿಗೆ ಸಹಾಯ, ಕಾಟ ಸಹಿಸುವವರಿಗೆ ತಾಳ್ಮೆಯ ಉಪದೇಶವೇ ಎಂದು ಯಾರಾದರೂ ಕೇಳಿದರೆ ಅದು ತಳ್ಳಿಹಾಕುವ ಮಾತಲ್ಲ. ಲೆಸ್ಟರ್‌ಶೈರ್‌ನಲ್ಲಿ ಪಡ್ಡೆ ಹುಡುಗರ ಗುಂಪಿನ ಕಿರುಕುಳವನ್ನು ವರ್ಷಗಟ್ಟಲೆ ಸಹಿಸಿದ ತಾಯಿಯೊಬ್ಬಳು 2007ರಲ್ಲಿ ಅಂಗವೈಕಲ್ಯವಿದ್ದ ಮಗಳ ಜೀವ ತೆಗೆದು ತಾನೂ ಸತ್ತಳು. ಅವಳು ಪೊಲೀಸರಿಗೆ 33 ಬಾರಿ ಕರೆ ಮಾಡಿದ್ದಳು. ಒಂದೊಂದು ಕರೆಯೂ ಬಿಡಿಬಿಡಿಯಾದ ಸಣ್ಣ ಘಟನೆಯಾಗಿ ಉಳಿಯಿತು, ಯಾರೂ ಅವನ್ನು ಕೂಡಿಸಿ ನೋಡಲಿಲ್ಲ. ಇಂಥ ವೈಫಲ್ಯಗಳ ನಂತರವೇ, ಪದೇ ಪದೇ ದೂರು ಕೊಟ್ಟವರು ಪೊಲೀಸ್, ಕೌನ್ಸಿಲ್, ವಸತಿ ಸಂಸ್ಥೆ ಮೂವರೂ ಕೂತು ಪರಿಶೀಲಿಸುವಂತೆ ಒತ್ತಾಯಿಸುವ ಹಕ್ಕು 2014ರ ಕಾಯ್ದೆಯಲ್ಲಿ ಸೇರಿತು. ಆ ತಾಯಿಗೆ ಬೇಕಿದ್ದದ್ದು ಕಠಿಣ ಕಾನೂನಿಗಿಂತ ಮುಂಚೆ ಕಿವಿಗೊಡುವ ಒಬ್ಬ ಅಧಿಕಾರಿ. ಹಿಂಸೆಯ ಅಪಾಯವಿದ್ದರೆ ತಡೆಯಾಜ್ಞೆಯ ಮೂಲಕ ಆರೋಪಿಯನ್ನು ಅವನ ಮನೆಯಿಂದಲೇ ದೂರವಿಡಬಹುದು, ತುರ್ತಾದರೆ ನೋಟಿಸನ್ನೂ ಕೊಡದೆ ಆಜ್ಞೆ ಕೇಳಬಹುದು. ಅಲ್ಲಿ ಹಿಂಜರಿಯುವ ಸಂಸ್ಥೆ ನೊಂದವರಿಗೆ ದ್ರೋಹ ಮಾಡುತ್ತದೆ. ಆದರೆ ಆ ವೇಗ ಸಾಧ್ಯವಾಗಬೇಕಾದರೂ ಮೊದಲ ದೂರಿನಿಂದಲೇ ದಿನಾಂಕ, ಸಾಕ್ಷಿ, ಭೇಟಿಯ ದಾಖಲೆ ಕೈಯಲ್ಲಿರಬೇಕು.

2023ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಸಂಸ್ಥೆಗಳು ಪ್ರತಿ 1,000 ಮನೆಗೆ ಇಂಥ ಎಷ್ಟು ಪ್ರಕರಣ ತೆರೆದೆವು ಎಂದು ಲೆಕ್ಕ ಕೊಡಬೇಕು, ನಿಭಾಯಿಸಿದ ರೀತಿ ತೃಪ್ತಿ ತಂದಿದೆಯೇ ಎಂದು ಬಾಡಿಗೆದಾರರನ್ನೂ ಕೇಳಬೇಕು. ಒಳ್ಳೆಯ ಆರಂಭ. ಆದರೆ ದೂರು ಕೊಟ್ಟವರ ಮನೆಗೆ ಅಧಿಕಾರಿ ಎಷ್ಟು ದಿನದಲ್ಲಿ ಹೋದರು, ಕಡತ ಮುಚ್ಚಿದ ಆರು ತಿಂಗಳ ಮೇಲೆ ಆ ಮನೆಯವರು ನಿದ್ದೆ ಮಾಡುತ್ತಿದ್ದಾರೆಯೇ ಎಂಬ ಎರಡು ಅಂಕಣಗಳನ್ನು ಅದಕ್ಕೆ ಸೇರಿಸಬೇಕು.