ಗುರುವಿನ ಪ್ರಭಾವವೂ ಮತಾಂತರವೂ: ಮಂಗಳೂರಿನ ಒಂದು ಪ್ರಕರಣದ ವಿಚಾರ

ಕನ್ನಡ ನಾಡಿನಲ್ಲಿ ಕ್ರೈಸ್ತಧರ್ಮವು ಹರಡಿದ ಬಗೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಸಂಸ್ಥೆಗಳ ಚರಿತ್ರೆಯನ್ನು ಬರೆದಿದ್ದಾರೆ. ಯಾವ ಮಿಷನ್ ಯಾವ ವರ್ಷ ಎಲ್ಲಿ ನೆಲೆಯೂರಿತು, ಎಷ್ಟು ಶಾಲೆಗಳನ್ನು ತೆರೆಯಿತು, ಯಾವ ಗ್ರಂಥಗಳನ್ನು ಅಚ್ಚು ಹಾಕಿಸಿತು ಎಂಬ ವಿವರಗಳು ಅವರ ಬರಹಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಆದರೆ ಮನುಷ್ಯನು ಹುಟ್ಟಿ ಬೆಳೆದ ಮತವನ್ನು ಬಿಟ್ಟು ಮತ್ತೊಂದನ್ನು ಹಿಡಿಯುವಾಗ ಅವನ ಎದುರಿಗೆ ಸಂಸ್ಥೆಯು ನಿಂತಿರುವುದಿಲ್ಲ. ಒಬ್ಬ ಗುರುವೋ ಗೆಳೆಯನೋ ಬಂಧುವೋ ನಿಂತಿರುತ್ತಾನೆ. ಈ ಆಪ್ತ ಪ್ರಭಾವವು ಹೇಗೆ ಕೆಲಸ ಮಾಡಿತು, ಎಲ್ಲಿಯವರೆಗೆ ಮಾಡಿತು, ಎಲ್ಲಿ ಸೋತಿತು ಎಂಬುದನ್ನು ಮಂಗಳೂರಿನ ಪ್ರಸಿದ್ಧ ಪ್ರಕರಣವೊಂದನ್ನು ಆಧರಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪಾಠ ಹೇಳುವವರಿಗೂ ಕೇಳುವವರಿಗೂ ಈ ಪ್ರಕರಣವು ಹತ್ತಿರದ್ದು. ಏಕೆಂದರೆ ಇದು ಒಬ್ಬ ಉಪಾಧ್ಯಾಯನ ಮತ್ತು ಅವನ ವಿದ್ಯಾರ್ಥಿಯ ಕಥೆ.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು ಮಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿದರು. ಹರ್ಮನ್ ಮೋಗ್ಲಿಂಗರು ಬಂದುದು 1836ರಲ್ಲಿ. ಆಗ ಅವರಿಗೆ ಇಪ್ಪತ್ತೈದು ವರ್ಷ. ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮಿನಲ್ಲಿ 1811ರಲ್ಲಿ ಜನಿಸಿ, ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವರು ಅವರು. ಮಿಷನರಿಗಳ ಮುಂದೆ ಆಗ ಮೂರು ದಾರಿಗಳಿದ್ದವು. ಸಂತೆ ಜಾತ್ರೆಗಳಲ್ಲಿ ನಿಂತು ಸಾರುವುದು ಒಂದು, ಕಿರುಹೊತ್ತಗೆಗಳನ್ನು ಅಚ್ಚು ಹಾಕಿ ಹಂಚುವುದು ಇನ್ನೊಂದು, ಶಾಲೆ ಮೂರನೆಯದು. ಮೊದಲನೆಯದರಿಂದ ಜನ ಸೇರುತ್ತಿದ್ದರು, ಕೇಳುತ್ತಿದ್ದರು, ಕೆಲವೊಮ್ಮೆ ವಾದಕ್ಕೂ ನಿಲ್ಲುತ್ತಿದ್ದರು. ಅನಂತರ ಮನೆಗೆ ಹೋಗುತ್ತಿದ್ದರು. ಸಾರಿದವನಿಗೂ ಕೇಳಿದವನಿಗೂ ಮರುದಿನ ಸಂಬಂಧವಿಲ್ಲ. ಶಾಲೆಯ ಮಾತು ಬೇರೆ. ಅಲ್ಲಿ ಅದೇ ಹುಡುಗನು ಅದೇ ಉಪಾಧ್ಯಾಯರ ಎದುರಿಗೆ ವರ್ಷಗಟ್ಟಲೆ ಕುಳಿತಿರುತ್ತಾನೆ.

ಮಿಷನ್ನಿನ ಇಂಗ್ಲಿಷ್ ಶಾಲೆಗೆ ಸಾರಸ್ವತ ಬ್ರಾಹ್ಮಣರ ಮಕ್ಕಳು ಬಂದುದು ಕ್ರಿಸ್ತನನ್ನು ಅರಿಯಬೇಕೆಂದಲ್ಲ, ಇಂಗ್ಲಿಷನ್ನು ಕಲಿತರೆ ಸರಕಾರದ ಕಚೇರಿಗಳಲ್ಲಿ ಕೆಲಸ ಸಿಕ್ಕುವುದೆಂದು. ಇದು ಇಬ್ಬರಿಗೂ ತಿಳಿದಿತ್ತು. ಹುಡುಗರಿಗೆ ಭಾಷೆ ಬೇಕಾಗಿತ್ತು, ಉಪಾಧ್ಯಾಯರಿಗೆ ಹುಡುಗರು ಬೇಕಾಗಿದ್ದರು. ಈ ಮೌನದ ಒಪ್ಪಂದದೊಳಗೆ ಬೆಳೆದ ಸ್ನೇಹವೇ ಆನಂದರಾವ್ ಕೌಂಡಿನ್ಯರದು. ಅವರು ಹುಟ್ಟಿದ್ದು 1825ರಲ್ಲಿ. ಗುರುವಿಗಿಂತ ಹದಿನಾಲ್ಕು ವರ್ಷ ಚಿಕ್ಕವರು. 1844ರ ಜನವರಿ 6ರಂದು, ಅದೇ ಸಮಾಜದ ಇನ್ನಿಬ್ಬರು ತರುಣರೊಡನೆ, ಅವರು ದೀಕ್ಷಾಸ್ನಾನವನ್ನು ಪಡೆದರು. ಆಗ ಅವರು ತೆಗೆದುಕೊಂಡ ಹೊಸ ಹೆಸರು ಹರ್ಮನ್, ಎಂದರೆ ಗುರುವಿನದೇ ಹೆಸರು. ಪ್ರಭಾವವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಇತಿಹಾಸಕಾರನಿಗೆ ಅಪರೂಪವಾಗಿ ಸಿಕ್ಕುತ್ತದೆ.

ಪಟ್ಟಣವು ಕಲಕಿಹೋಯಿತು. ಬಂಧುಗಳು ತರುಣರನ್ನು ಹಿಂದಕ್ಕೆ ಕರೆದೊಯ್ಯಲು ಪ್ರಯತ್ನಿಸಿದರು. ಮೇಲ್ಜಾತಿಯ ಮಕ್ಕಳು ಶಾಲೆಯನ್ನು ಬಿಟ್ಟರು. ಈ ಕ್ಷೋಭೆಗೆ ಕೇವಲ ಆರು ತಿಂಗಳ ಹಿಂದೆ, 1843ರ ಜುಲೈ 1ರಂದು, ಇದೇ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಆರಂಭಿಸಿದ್ದರೆಂಬುದನ್ನು ನಾವು ಮರೆಯಲಾಗದು. ಊರಿನ ಸುದ್ದಿಯನ್ನು ಊರಿನ ಭಾಷೆಯಲ್ಲಿ ಕೊಟ್ಟು ಊರಿನ ವಿಶ್ವಾಸವನ್ನು ಗಳಿಸುತ್ತಿದ್ದ ವ್ಯಕ್ತಿಯೇ ಊರಿನ ಮೂವರು ಮಕ್ಕಳನ್ನು ತೆಗೆದುಕೊಂಡನೆಂದು ಜನರಿಗೆ ತೋರಿತು. ವಿಶ್ವಾಸವು ಹೆಚ್ಚಿದ್ದಷ್ಟೂ ಅದು ಮುರಿದಾಗ ಸಿಟ್ಟು ಹೆಚ್ಚು.

ಇದು ಮಂಗಳೂರಿಗೆ ಮಾತ್ರ ಸೇರಿದ ಘಟನೆಯಲ್ಲ. ಕಲಕತ್ತೆಯಲ್ಲಿ ಅಲೆಗ್ಸಾಂಡರ್ ಡಫ್ ಅವರ ಪ್ರಭಾವಕ್ಕೊಳಗಾಗಿ ಕೃಷ್ಣಮೋಹನ ಬ್ಯಾನರ್ಜಿಯವರು 1832ರಲ್ಲಿ ಕ್ರೈಸ್ತರಾದರು. ಮುಂಬಯಿಯಲ್ಲಿ ಜಾನ್ ವಿಲ್ಸನ್ನರ ವಿದ್ಯಾರ್ಥಿಗಳಾದ ಇಬ್ಬರು ಪಾರಸಿ ತರುಣರು, ಧನಜಿಭಾಯಿ ನವರೋಜಿ ಮತ್ತು ಹೊರ್ಮಸಜಿ ಪೆಸ್ತನಜಿ, 1839ರಲ್ಲಿ ದೀಕ್ಷೆ ಪಡೆದಾಗ ವಿವಾದವು ನ್ಯಾಯಾಲಯವನ್ನೇರಿತು. ಎಲ್ಲಿರಬೇಕೆಂಬುದನ್ನು ಧನಜಿಭಾಯಿಯೇ ನಿರ್ಧರಿಸಲೆಂದು ನ್ಯಾಯಾಲಯವು ಹೇಳಿತು. ಪಾರಸಿ ಮಕ್ಕಳು ಆ ಶಾಲೆಯನ್ನು ತೊರೆದರು. ಎಲ್ಲೆಡೆಯೂ ಒಂದೇ ಕ್ರಮ: ಇಂಗ್ಲಿಷ್ ಶಾಲೆ, ಮೇಲ್ವರ್ಗದ ಬುದ್ಧಿವಂತ ಹುಡುಗ, ಆಕರ್ಷಕ ವ್ಯಕ್ತಿತ್ವದ ಉಪಾಧ್ಯಾಯ, ಕೆಲವೇ ದೀಕ್ಷೆಗಳು, ಬರಿದಾದ ಬೆಂಚುಗಳು. ಹಲವರನ್ನು ತರುವನೆಂದು ಮಿಷನ್ ನಂಬಿದ್ದ ಆ ಮೊದಲ ವಿದ್ಯಾರ್ಥಿಯು, ತನ್ನ ಹಿಂದೆಯೇ ಬಾಗಿಲು ಮುಚ್ಚಲು ಕಾರಣನಾಗುತ್ತಿದ್ದನು.

ಹಾಗಾದರೆ ಕೌಂಡಿನ್ಯರ ನಿರ್ಧಾರವು ಅವರ ಸ್ವಂತದ್ದೋ, ಗುರುವಿನದೋ? ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಭಾನುವಾರಗಳಲ್ಲಿ ಬರುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳುತ್ತಾರೆ: ಹುಡುಗನನ್ನು ಮರುಳು ಮಾಡಿದರೆ, ಇಲ್ಲವೆ? ಪ್ರಶ್ನೆಯು ಹಳೆಯದಾದರೂ ಇಂದಿನದೂ ಹೌದು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಧರ್ಮಪ್ರಚಾರದ ಹಕ್ಕನ್ನು ಕೊಟ್ಟಿದೆ; ಮತ್ತೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಕರ್ನಾಟಕವು 2022ರಲ್ಲಿ ಮಾಡಿದ ಮತಾಂತರ ನಿರ್ಬಂಧದ ಕಾಯಿದೆಯು ಬಲಾತ್ಕಾರ, ಆಮಿಷಗಳ ಜೊತೆಗೆ ‘ಅನುಚಿತ ಪ್ರಭಾವ’ವನ್ನೂ ನಿಷೇಧಿಸಿತು, 2023ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವ ಸಂಪುಟವು ಅದನ್ನು ಹಿಂತೆಗೆದುಕೊಳ್ಳಲು ನಿರ್ಣಯಿಸಿತು. ಆ ಚರ್ಚೆಯ ಸರಿತಪ್ಪುಗಳನ್ನು ಇಲ್ಲಿ ಎತ್ತುವುದಿಲ್ಲ. ಪ್ರಭಾವವು ಯಾವಾಗ ಅನುಚಿತವಾಗುತ್ತದೆ ಎಂಬುದಷ್ಟೇ ನಮಗೆ ಬೇಕಾದದ್ದು.

1872ರ ಕರಾರು ಕಾಯಿದೆಯ 16ನೆಯ ಕಲಮು ಇದಕ್ಕೆ ಒಂದು ಅಳತೆಗೋಲನ್ನು ಕೊಡುತ್ತದೆ. ಒಬ್ಬನು ಮತ್ತೊಬ್ಬನ ಇಚ್ಛೆಯ ಮೇಲೆ ಮೇಲುಗೈ ನಡೆಸುವ ಸ್ಥಾನದಲ್ಲಿರಬೇಕು; ಆ ಸ್ಥಾನವನ್ನು ಬಳಸಿ ಅನ್ಯಾಯದ ಲಾಭವನ್ನೂ ಪಡೆಯಬೇಕು. ವ್ಯವಹಾರಕ್ಕೆಂದು ಮಾಡಿದ ನಿಯಮವನ್ನು ಆತ್ಮದ ವಿಷಯಕ್ಕೆ ಹೊಂದಿಸುವುದು ಒರಟಾದ ಕೆಲಸವೇ ಸರಿ. ಆದರೂ ಅದು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಕೊಡುತ್ತದೆ. ಮೊದಲನೆಯದಕ್ಕೆ ಉತ್ತರವು ಹೌದು ಎಂದೇ. ಉಪಾಧ್ಯಾಯರು ಆಳುವವರ ಜನಾಂಗಕ್ಕೆ ಸಮೀಪದವರು, ವಿದ್ಯೆಯ ಬೀಗದ ಕೈ ಹಿಡಿದವರು. ಎರಡನೆಯದು ಅಷ್ಟು ಸುಲಭವಲ್ಲ. ಮಿಷನ್ನಿಗೆ ಬಾಸೆಲಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಲು ಒಬ್ಬ ಬ್ರಾಹ್ಮಣ ಶಿಷ್ಯನು ದೊರಕಿದನು, ಇದು ಲಾಭವೇ. ಶಿಷ್ಯನಿಗಾದ ನಷ್ಟವು ಮಾತ್ರ ಕಣ್ಣಿಗೆ ಕಾಣುವಂಥದು. ಮತವನ್ನು ಬಿಟ್ಟವನ ಪಿತ್ರಾರ್ಜಿತ ಹಕ್ಕನ್ನು ಕಾಪಾಡುವ ನಿಯಮವು 1832ರಿಂದ ಬಂಗಾಳದಲ್ಲಿದ್ದರೂ ಕಂಪನಿಯ ಇಡೀ ಆಡಳಿತಕ್ಕೆ ಅನ್ವಯಿಸಿದ್ದು 1850ರ 21ನೆಯ ಕಾಯಿದೆಯಿಂದ. ಕೌಂಡಿನ್ಯರು ಅದಕ್ಕೆ ಆರು ವರ್ಷ ಮುಂಚೆಯೇ ಹೊರಬಂದಿದ್ದರು. ಆಮಿಷದಿಂದ ಬಂದವನು ಇಷ್ಟನ್ನು ಕಳೆದುಕೊಳ್ಳಲು ಒಪ್ಪುವುದು ಕಷ್ಟ.

ನಮ್ಮ ಅಭಿಪ್ರಾಯದಲ್ಲಿ ಇಂಥ ನಿರ್ಧಾರದ ನೆಲೆಯನ್ನು ದೀಕ್ಷೆಯ ದಿನದಿಂದ ಅಳೆಯಲಾಗದು, ಅನಂತರದ ಬದುಕಿನಿಂದ ಅಳೆಯಬೇಕು. ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಹೋಗಿ 1851ರವರೆಗೆ ಅಭ್ಯಾಸ ಮಾಡಿ, ಗುರುದೀಕ್ಷೆಯನ್ನು ಪಡೆದು ಹಿಂದಿರುಗಿದರು. ಮಂಗಳೂರಿನ ದೈವಶಿಕ್ಷಾ ಶಾಲೆಯಲ್ಲಿ ಪಾಠ ಹೇಳಿದರು. ಮೋಗ್ಲಿಂಗರು 1860ರಲ್ಲಿ ಶಾಶ್ವತವಾಗಿ ಸ್ವದೇಶಕ್ಕೆ ತೆರಳಿ 1881ರಲ್ಲಿ ಅಲ್ಲಿಯೇ ನಿಧನರಾದರು. ಶಿಷ್ಯರು 1893ರಲ್ಲಿ ಮರಣಹೊಂದುವವರೆಗೆ ತಾವು ಹಿಡಿದ ದಾರಿಯಲ್ಲೇ ಇದ್ದರು. ಗುರುವು ಹೊರಟುಹೋದ ಮೇಲೂ ಮೂವತ್ತಮೂರು ವರ್ಷ ಉಳಿದ ನಂಬಿಕೆಯನ್ನು ಕೇವಲ ಮರುಳೆನ್ನುವುದು ನ್ಯಾಯವಲ್ಲ.

ಆದರೆ ಇದೇ ಬದುಕಿನೊಳಗೆ ಪ್ರಭಾವವು ಸೋತ ಸ್ಥಳವೂ ಇದೆ. ಅದನ್ನು ಕುರಿತು ನಮ್ಮ ಗ್ರಂಥಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಕೌಂಡಿನ್ಯರಿಗೆ ಬಾಲ್ಯದಲ್ಲಿಯೇ ವಿವಾಹವಾಗಿತ್ತು. ಪತ್ನಿಯ ಹೆಸರು ಲಕ್ಷ್ಮಿ. ಆಕೆಯು ಗಂಡನ ಹೊಸ ಮತಕ್ಕೆ ಬರಲು ಒಪ್ಪಲಿಲ್ಲ. ಗುರುವು ಶಿಷ್ಯನನ್ನು ಒಲಿಸಿದ್ದರು, ಗಂಡನು ಹೆಂಡತಿಯನ್ನು ಒಲಿಸಲಾರದೆಹೋದನು. ಕೊನೆಗೆ 1860ರಲ್ಲಿ ಅವರು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಇಂಥ ದಂಪತಿಗಳಿಗೆಂದು ಸರಕಾರವು ಕಾನೂನನ್ನು ಮಾಡಿದ್ದು ಆರು ವರ್ಷಗಳ ಅನಂತರ, 1866ರಲ್ಲಿ. (ಅದೂ ಆ ವರ್ಷದ 21ನೆಯ ಕಾಯಿದೆಯೇ, ಮತಾಂತರದ ಆಸ್ತಿಯೂ ಮತಾಂತರದ ಮದುವೆಯೂ ಒಂದೇ ಸಂಖ್ಯೆಯಡಿ ಬಂದುದು ಕಾಕತಾಳೀಯ.) ಮತ ಬಿಟ್ಟ ಕಾರಣಕ್ಕಾಗಿ ಸಂಗಾತಿಯು ಆರು ತಿಂಗಳು ಜೊತೆಗೆ ಬಾಳಲು ನಿರಾಕರಿಸಿದರೆ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು, ನಿರಾಕರಿಸಿದವರ ಮನಸ್ಸು ಬದಲಾಗಬಹುದೆಂದು ಒಂದು ವರ್ಷದ ಅವಕಾಶವನ್ನೂ ಕಾನೂನು ಇಟ್ಟಿತ್ತು.

ಲಕ್ಷ್ಮಿಯ ನಿರಾಕರಣೆಯನ್ನು ಮಿಷನ್ನಿನ ಬರಹಗಳು ಬಂಧುಗಳ ಒತ್ತಡವೆಂದು ಕಾಣುವುದು ಸಹಜ. ಅವಳ ಮೇಲೆ ಒತ್ತಡವಿದ್ದಿರಬೇಕು. ಆದರೆ ಗಂಡನ ಹೌದು ಎಂಬುದು ಆತ್ಮಸಾಕ್ಷಿಯದು, ಹೆಂಡತಿಯ ಇಲ್ಲ ಎಂಬುದು ಬಂಧುಗಳದು ಎಂದು ಎಣಿಸಲು ನಮಗೆ ಯಾವ ಆಧಾರವಿದೆ? ಇಬ್ಬರ ಸುತ್ತಲೂ ಪ್ರಭಾವಗಳಿದ್ದವು; ಇಬ್ಬರೂ ಉತ್ತರ ಕೊಟ್ಟರು. ಇಲ್ಲಿ ನೆರೆಯ ಮರಾಠಿ ನಾಡಿನ ನಿದರ್ಶನವೊಂದು ಬೆಳಕು ಕೊಡುತ್ತದೆ. ಕವಿ ನಾರಾಯಣ ವಾಮನ ಟಿಳಕರಿಗೆ ರೈಲು ಪ್ರಯಾಣದಲ್ಲಿ ಯೂರೋಪಿನವನೊಬ್ಬನು ಹೊಸ ಒಡಂಬಡಿಕೆಯ ಪ್ರತಿಯನ್ನು ಕೊಟ್ಟನು. 1895ರಲ್ಲಿ ಅವರು ಮುಂಬಯಿಯಲ್ಲಿ ದೀಕ್ಷೆ ಪಡೆದರು. ಅವರ ಪತ್ನಿ ಲಕ್ಷ್ಮೀಬಾಯಿಯು ವರ್ಷಗಟ್ಟಲೆ ದೂರವಿದ್ದು, ಅನಂತರ ಗಂಡನೊಡನೆ ಬಾಳಲು ಬಂದು, ಬಹುಕಾಲ ತನ್ನ ಮಡಿಯನ್ನು ಬಿಡದೆ, 1900ರಲ್ಲಿ ತಾನೂ ದೀಕ್ಷೆ ಪಡೆದಳು. ಆಕೆಯ ಆತ್ಮಕಥೆ ‘ಸ್ಮೃತಿಚಿತ್ರೆ’ಯನ್ನು ಓದಿದವರಿಗೆ, ಅವಳ ಮನಸ್ಸನ್ನು ತಿರುಗಿಸಿದ್ದು ವಾದಗಳಲ್ಲ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ ಬಾಳಿದ ದಿನಗಳು ಎಂಬುದು ಮನದಟ್ಟಾಗುತ್ತದೆ. ಮಂಗಳೂರಿನ ಲಕ್ಷ್ಮಿಗೆ ಅಂಥ ದಿನಗಳೂ ಇರಲಿಲ್ಲ, ಅಂಥ ಪುಸ್ತಕವೂ ಇಲ್ಲ.

ಪ್ರಭಾವವು ಯಾವಾಗಲೂ ಗುರುವಿನಿಂದ ಶಿಷ್ಯನ ಕಡೆಗೇ ಹರಿಯುತ್ತದೆ ಎಂಬ ಭಾವನೆಯನ್ನೂ ತಿದ್ದಬೇಕಾಗಿದೆ. 1850ರ ದಶಕದ ಆರಂಭದಲ್ಲಿ, ಮೋಗ್ಲಿಂಗರು ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿದ್ದಾಗ, ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯನೆಂಬವನು ಕ್ರೈಸ್ತಧರ್ಮವನ್ನು ಅರಸಿಕೊಂಡು ತಾನಾಗಿ ಮಂಗಳೂರಿಗೆ ಬಂದನು. ಅವನ ಹಿಂದೆ ಮೋಗ್ಲಿಂಗರೇ ಕೊಡಗಿಗೆ ಹೋದರು. ಅಲ್ಲಿಯ ಒಕ್ಕದ ಕಟ್ಟು ಮಂಗಳೂರಿನ ಜಾತಿಕಟ್ಟಿಗಿಂತ ಸಡಿಲವಾಗಿರಲಿಲ್ಲ. ಸೋಮಯ್ಯನ ಹಿಂದೆ ಕೊಡವ ಸಮಾಜವು ಬರಲಿಲ್ಲ. ಬಂದವರು ಹೊಲೆಯ ಕುಟುಂಬಗಳು, ಬಂದದ್ದು ಕೌಂಡಿನ್ಯರ ಬಳಿಗೆ. ಅವರಿಗಾಗಿ ನೆಲವನ್ನು ಪಡೆದು, ಕಾಫಿಯ ತೋಟವನ್ನು ಮಾಡಿ, ನೆಲೆಗೊಳಿಸಿದ ಊರೇ ಆನಂದಪುರ. ಮಂಗಳೂರಿನಲ್ಲಿ ಶಿಷ್ಯನಾಗಿದ್ದವನು ಇಲ್ಲಿ ಗುರುವೂ ಹೌದು, ತೋಟದ ಒಡೆಯನೂ ಹೌದು. ಕರಾರು ಕಾಯಿದೆಯ ಅಳತೆಗೋಲನ್ನು ಇಲ್ಲಿ ಹಿಡಿದರೆ ಪ್ರಶ್ನೆಯು ಮೊದಲಿಗಿಂತ ಕಠಿಣವಾಗುತ್ತದೆ. ಕೂಲಿಯನ್ನು ಕೊಡುವವನು ಹೇಳುವ ಸುವಾರ್ತೆಯಿಂದ ಕೂಲಿಯನ್ನು ಬೇರ್ಪಡಿಸಿ ಕೇಳುವುದು ಹೇಗೆ? ಆದರೆ ಅದೇ ಕುಟುಂಬಗಳು ಅದಕ್ಕೂ ಮೊದಲು ಬೇರೆ ಒಡೆಯರ ಕೈಕೆಳಗೆ, ಬೇರೆ ದೇವರುಗಳ ಹೆಸರಿನಲ್ಲಿ, ಯಾರ ಒಪ್ಪಿಗೆಯೂ ಇಲ್ಲದೆ ದುಡಿಯುತ್ತಿದ್ದುವೆಂಬುದನ್ನು ಆಕ್ಷೇಪಿಸುವವರು ನೆನೆಯಬೇಕು. ಜಾತಿಯನ್ನು ಕಳೆದುಕೊಂಡವನಿಗೆ ಜೀವನೋಪಾಯವೂ ಹೋಗುತ್ತಿದ್ದುದರಿಂದಲೇ ಮಿಷನ್ ಮಗ್ಗಗಳನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಹೂಡಬೇಕಾಯಿತು.

ಕಲಬುರಗಿಯ ಕಡೆಗೆ ತಿರುಗಿದರೆ ಚಿತ್ರವು ಬೇರೆ. ಬಾಸೆಲ್ ಮಿಷನ್ನಿನ ಕನ್ನಡ ಕ್ಷೇತ್ರವು ಕರಾವಳಿ, ಧಾರವಾಡ ಸೀಮೆ, ಕೊಡಗುಗಳಷ್ಟೇ. ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಸೀಮೆಯಲ್ಲಿ ಶಾಲೆ, ಆಸ್ಪತ್ರೆಗಳನ್ನು ಕಟ್ಟಿದವರು ಮೆಥೊಡಿಸ್ಟರು. ಇಲ್ಲಿ ಕೌಂಡಿನ್ಯರಂಥ ಒಂಟಿ ವಿದ್ಯಾರ್ಥಿಯ ಕಥೆಗಿಂತ ಮನೆತನ ಮನೆತನಗಳಾಗಿ, ಕೇರಿ ಕೇರಿಗಳಾಗಿ ಬಂದವರ ಕಥೆಯೇ ಮುಖ್ಯ. ಇಂಥ ಸಾಮೂಹಿಕ ಚಳುವಳಿಗಳನ್ನು ಕುರಿತು ಮೆಥೊಡಿಸ್ಟರಾದ ಪಿಕೆಟ್ ಅವರು 1933ರಲ್ಲಿ ಗ್ರಂಥವನ್ನು ಪ್ರಕಟಿಸಿದರು; ಅವರ ವಿಚಾರವನ್ನು ಮುಂದುವರಿಸಿದ ಮೆಕ್‌ಗಾವ್ರನ್ನರು 1955ರ ತಮ್ಮ ಗ್ರಂಥದಲ್ಲಿ ಬಂಧುತ್ವದ ಸಂಬಂಧಗಳನ್ನು ಸೇತುವೆಗಳೆಂದು ಕರೆದರು. ಒಂಟಿಯಾಗಿ ಹೊರತೆಗೆದ ವ್ಯಕ್ತಿಯು ತನ್ನವರಿಂದ ಕಡಿದುಹೋಗುತ್ತಾನೆ, ಸೇತುವೆಯು ಮುರಿಯುತ್ತದೆ ಎಂಬುದು ಅವರ ವಾದ. ಮಂಗಳೂರಿನ 1844ನೆಯ ವರ್ಷವು ಈ ವಾದಕ್ಕೆ ಒಳ್ಳೆಯ ಸಾಕ್ಷಿ.

ನಮ್ಮ ಜಿಲ್ಲೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಪಾದ್ರಿಗಳ ಹೆಸರುಗಳನ್ನು ಕಲೆಹಾಕುವುದಕ್ಕೆ ಮುಂಚೆ ಕೇರಿಯ ಹಿರಿಯರನ್ನು ಕೇಳಬೇಕಾದದ್ದು ಒಂದಿದೆ: ಈ ಮನೆಗೆ ಆ ಮಾತನ್ನು ಮೊದಲು ತಂದವರು ಯಾರು? ಸೋದರಮಾವನೋ, ಬೀಗರ ಊರಿನಿಂದ ಬಂದ ಸೊಸೆಯೋ, ಆಸ್ಪತ್ರೆಯಲ್ಲಿ ಬಾಣಂತನ ಮಾಡಿಸಿಕೊಂಡು ಬಂದ ನೆರೆಮನೆಯವಳೋ? ಅದರೊಡನೆಯೇ, ಆ ಮಾತನ್ನು ಕೇಳಿಯೂ ಬಾರದೆ ಉಳಿದ ಅಣ್ಣ ತಮ್ಮಂದಿರ ಮನೆಗಳಿಗೂ ಹೋಗಿ ಕೇಳಬೇಕು.