ಹಳೆಯ ಡೀಸೆಲ್ ಕಾರುಗಳಲ್ಲಿ ಇಂಧನ ಪೂರೈಕೆಯ ದೋಷ: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ತಿಳಿದಿರಬೇಕಾದ ಅಂಶಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳತಕ್ಕದ್ದು. ಇದಕ್ಕೆ ಚಾಲ್ತಿಯಲ್ಲಿರುವ ಹೊಗೆ ತಪಾಸಣಾ ಪ್ರಮಾಣಪತ್ರ ಅವಶ್ಯಕ. ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿ ಅಥವಾ ತಿ. ನರಸೀಪುರ ತಾಲ್ಲೂಕಿನ ಗ್ರಾಮಗಳಿಂದ ಮೈಸೂರಿಗೆ ಹಳೆಯ ಕಾರನ್ನು ತಂದು, ದೋಷದ ಕಾರಣದಿಂದ ಹಿಂದಿರುಗಬೇಕಾದ ಮಾಲೀಕರಿಗೆ ದಿನದ ದುಡಿಮೆಯೂ ಡೀಸೆಲ್ಲೂ ನಷ್ಟ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹತ್ತಿಪ್ಪತ್ತು ರೂಪಾಯಿಯ ವಾಷರ್‌ನಿಂದ ಸರಿಹೋಗುವ ದೋಷಕ್ಕೆ ಇಂಧನ ಪಂಪನ್ನೇ ಬಿಚ್ಚಿಸಿ ಸಾವಿರಾರು ರೂಪಾಯಿ ತೆರುವುದು.

ಡೀಸೆಲ್ ಅಂಬಾಸಿಡರ್, 1998ರ ಕೊನೆಯಲ್ಲಿ ಬಿಡುಗಡೆಯಾದ ಟಾಟಾ ಇಂಡಿಕಾದ ಮೊದಲ ಡೀಸೆಲ್ ಮಾದರಿ ಮುಂತಾದ ಯಾಂತ್ರಿಕ ಪಂಪ್‌ನ ಕಾರುಗಳಿಗೆ ಈ ವಿವರಣೆ ಅನ್ವಯಿಸುತ್ತದೆ. ಇವುಗಳಲ್ಲಿ ಡೀಸೆಲ್ ಟ್ಯಾಂಕಿನಿಂದ ಪೈಪ್ ಹಾಗೂ ಫಿಲ್ಟರ್ ಮೂಲಕ ಪಂಪ್‌ಗೆ, ಅಲ್ಲಿಂದ ಅಧಿಕ ಒತ್ತಡದಲ್ಲಿ ನಾಝಲ್‌ಗಳಿಗೆ ತಲಪುತ್ತದೆ. ದೋಷವನ್ನು ಇದೇ ಕ್ರಮದಲ್ಲಿ, ಟ್ಯಾಂಕಿನ ಕಡೆಯಿಂದ ಹುಡುಕುತ್ತಾ ಬರುವುದು ಸೂಕ್ತ. ಪಂಪ್ ಕಟ್ಟಕಡೆಯ ಅನುಮಾನವಾಗಿರಲಿ.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದಲ್ಲಿ, ಸೆಲ್ಫ್ ತಿರುಗಿಸುವಾಗ ಸೈಲೆನ್ಸರ್ ಕಡೆ ಒಬ್ಬರನ್ನು ನಿಲ್ಲಿಸಿ ನೋಡುವುದು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಎಂಜಿನ್‌ಗೆ ತಲಪುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೀಟರ್ ಪ್ಲಗ್‌ಗಳನ್ನು ಮೊದಲು ಪರೀಕ್ಷಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲಪುತ್ತಿಲ್ಲ. ರಾತ್ರಿಯಿಡೀ ನಿಂತ ಕಾರು ಬಹಳ ಹೊತ್ತು ಸೆಲ್ಫ್ ತಿರುಗಿಸಿದ ಮೇಲೆ ಎದ್ದು, ನಂತರ ದಿನವಿಡೀ ಸರಿಯಾಗಿ ಓಡುತ್ತಿದ್ದರೆ ಪೈಪಿನ ಮಾರ್ಗದಲ್ಲಿ ಗಾಳಿ ಸೇರುತ್ತಿರುವ ಸಂಭವ ಹೆಚ್ಚು. ಬಿರುಕುಬಿಟ್ಟ ರಬ್ಬರ್ ಪೈಪ್, ಸಡಿಲವಾದ ಕ್ಲಿಪ್, ಸವೆದ ತಾಮ್ರದ ವಾಷರ್ ಇದಕ್ಕೆ ಕಾರಣ. ಎಳೆಯುವ ಕಡೆಯ ಪೈಪಿನಲ್ಲಿ ಗಾಳಿ ಒಳಗೆ ನುಗ್ಗುತ್ತದೆಯೇ ವಿನಾ ಡೀಸೆಲ್ ಹೊರಗೆ ತೊಟ್ಟಿಕ್ಕಬೇಕೆಂದಿಲ್ಲ. ಆದುದರಿಂದ ಒದ್ದೆ ಕಾಣದ ಮಾತ್ರಕ್ಕೆ ಪೈಪ್ ಸರಿಯಿದೆ ಎನ್ನಲಾಗದು.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭ ಉಪಾಯವೊಂದಿದೆ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪ್‌ಗಿಂತ ಎತ್ತರದಲ್ಲಿ ಭದ್ರವಾಗಿ ಇರಿಸಿ, ಪಾರದರ್ಶಕ ಪೈಪಿನಿಂದ ನೇರವಾಗಿ ಪಂಪ್‌ನ ಒಳದಾರಿಗೆ ಜೋಡಿಸಿ, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು, ಗಾಳಿ ತೆಗೆದು ಸ್ಟಾರ್ಟ್ ಮಾಡಿಸುವುದು. ಕಾರು ಹೀಗೆ ಸರಾಗವಾಗಿ ಓಡಿದರೆ ದೋಷವು ಟ್ಯಾಂಕ್ ಮತ್ತು ಪಂಪ್‌ನ ನಡುವೆ ಇದೆ; ಪಂಪ್ ಬಿಚ್ಚಲು ಒಪ್ಪಿಗೆ ಕೊಡಬೇಕಾಗಿಲ್ಲ. ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಕೆಲಸವಿದು. ಮಾಲೀಕರು ಕೇಳಿ ಮಾಡಿಸಿಕೊಳ್ಳಬೇಕು.

ಕೆಲವು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಸ್ಟಾರ್ಟ್ ಆಗುವ ಕಾರಿನ ಟ್ಯಾಂಕಿನ ಮುಚ್ಚಳವನ್ನು, ನಿಂತ ಕೂಡಲೇ ತೆರೆದು ನೋಡಬೇಕು. ಗಾಳಿ ಒಳಗೆ ಎಳೆದ ಸದ್ದು ಬಂದರೆ ಮುಚ್ಚಳದ ಅಥವಾ ಟ್ಯಾಂಕಿನ ಗಾಳಿಯ ದಾರಿ ಕಟ್ಟಿದೆ. ಚಾಮುಂಡಿ ಬೆಟ್ಟದಂತಹ ಏರಿನಲ್ಲಿ ಮಾತ್ರ ಎಳೆತ ಕುಗ್ಗಿದರೆ ಫಿಲ್ಟರನ್ನು ಬದಲಿಸುವುದು. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲನ್ನು ಕಾರಿಗೂ ಹಾಕುವವರು ಫಿಲ್ಟರಿನ ತಳದ ನೀರನ್ನು, ವಿಶೇಷವಾಗಿ ಮಳೆಗಾಲದಲ್ಲಿ, ಆಗಾಗ್ಗೆ ಹೊರಬಿಡತಕ್ಕದ್ದು.

ಎಂಜಿನ್ ನಡುಗುತ್ತಾ ಕಪ್ಪು ಹೊಗೆ ಉಗುಳುತ್ತಿದ್ದರೆ ಮೊದಲು ಏರ್ ಫಿಲ್ಟರ್, ನಂತರ ನಾಝಲ್. ನಿಧಾನಗತಿಯಲ್ಲಿ ಒಂದೊಂದೇ ನಾಝಲ್‌ನ ಪೈಪಿನ ನಟ್ಟನ್ನು ಕೊಂಚ ಸಡಿಲಿಸಿದಾಗ ಯಾವುದರಿಂದ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಈ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಮಾತ್ರ ಮಾಡತಕ್ಕದ್ದು. ಅಧಿಕ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಮುಟ್ಟಿ ನೋಡಕೂಡದು, ಮೈಗೆ ತೂರಿದಲ್ಲಿ ಗಾಯ ಚಿಕ್ಕದೆಂದು ಕಡೆಗಣಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಈ ನಟ್ಟುಗಳನ್ನು ಸಡಿಲಿಸಲೇಬಾರದು.

ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್ರಿಜ್ ಮಾನದವರೆಗೆ, ಸ್ಟೇಜ್-4 ವಾಹನಗಳಿಗೆ 50ರವರೆಗೆ ಅವಕಾಶವಿದೆ. ತಪಾಸಣೆಯ ದಿನದ ಮಟ್ಟಿಗೆ ಪಂಪ್‌ನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡಿಸುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಹೊಗೆ ತಗ್ಗಿದರೂ ಸೋರುವ ನಾಝಲ್ ಹಾಗೆಯೇ ಉಳಿಯುತ್ತದೆ, ಎಳೆತವೂ ಕುಗ್ಗುತ್ತದೆ. ಸ್ಕ್ರೂವನ್ನು ಮತ್ತೆ ತಾನಿದ್ದ ಅಳತೆಗೆ ತರಲು ಪಂಪ್ ಪರೀಕ್ಷಾ ಯಂತ್ರವಿರುವ ಕಾರ್ಯಾಗಾರಕ್ಕೇ ಹೋಗಬೇಕಾಗುತ್ತದೆ.

ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳು ಇರುವಾಗಿನಿಂದ ಅರ್ಜಿ ಸಲ್ಲಿಸಬಹುದು. ದುರಸ್ತಿಯನ್ನು ಅದಕ್ಕೂ ಮೊದಲೇ ಮಾಡಿಸಿ, ಊರಿಗೆ ಹತ್ತಿರದ ಹೊಗೆ ತಪಾಸಣಾ ಕೇಂದ್ರದಲ್ಲಿ ಪ್ರಮಾಣಪತ್ರ ಪಡೆದ ನಂತರವೇ ವಾಹನವನ್ನು ಕಚೇರಿಗೆ ತರುವಂತೆ ಕೋರಲಾಗಿದೆ.