ಬುಡಕಟ್ಟಿನಿಂದ ಬಿರುದಿಗೆ

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಗದ್ದುಗೆ ಏರಿದ ಬಿಜ್ಜಳನ ಮನೆತನ ತನ್ನನ್ನು ‘ಕಾಲಂಜರ ಪುರವರಾಧೀಶ್ವರ’ ಎಂದು ಕರೆದುಕೊಳ್ಳುತ್ತಿತ್ತು. ಕಾಲಂಜರ ಇರುವುದು ಉತ್ತರದ ಬುಂದೇಲಖಂಡದಲ್ಲಿ. ಬಿಜ್ಜಳನ ಹಿರಿಯರು ಆಳಿಕೊಂಡಿದ್ದದ್ದು ಇತ್ತ ಸೊಲ್ಲಾಪುರ ಸೀಮೆಯ ಮಂಗಳವೇಢೆಯನ್ನು. ಮಾನ್ಯಖೇಟದ ರಾಷ್ಟ್ರಕೂಟರ ಬಿರುದಿನಲ್ಲಿ ಲಟ್ಟಲೂರು ಇತ್ತು, ಕೊಲ್ಹಾಪುರದ ಶಿಲಾಹಾರರ ಬಿರುದಿನಲ್ಲಿ ತಗರ ಇತ್ತು. ಇವೆರಡೂ ಬಸವಕಲ್ಯಾಣದ ಜನಕ್ಕೆ ದೂರದ ಊರುಗಳಲ್ಲ: ಒಂದು ಇಂದಿನ ಲಾತೂರು, ಇನ್ನೊಂದು ಅದರಾಚೆಯ ತೇರ್. ಮಲೆನಾಡಿನ ಹೊಯ್ಸಳರಂತೂ ಕೃಷ್ಣನ ದ್ವಾರಾವತಿಗೇ ಒಡೆಯರೆನಿಸಿಕೊಂಡರು.

ತಮ್ಮ ರಾಜಧಾನಿಯಲ್ಲದ ಊರಿನ ಹೆಸರನ್ನು ಇವರೆಲ್ಲ ಏಕೆ ಹೊತ್ತು ತಿರುಗಿದರು?

ಕುಲದ ಮುಖಂಡನ ಮಾತನ್ನು ಕುಲದವರು ಕೇಳಲು ರಕ್ತಸಂಬಂಧ ಸಾಕು. ಆದರೆ ನೆರೆಯ ಕುಲಗಳು, ಅವನ ಮುಖವನ್ನೇ ಕಾಣದ ಊರುಗಳು ಕಂದಾಯ ಕಟ್ಟಬೇಕಾದರೆ ಅದಕ್ಕಿಂತ ದೊಡ್ಡ ಆಸರೆ ಬೇಕಾಗುತ್ತದೆ. ಹಳೆಯ ಊರು, ಹಳೆಯ ವಂಶ, ಎಲ್ಲ ಕುಲದೇವರುಗಳಿಗೂ ಮೇಲಿನವನಾದ ಒಬ್ಬ ದೇವರು, ಇದನ್ನೆಲ್ಲ ಬರೆದಿಡಬಲ್ಲ ಅಕ್ಷರಸ್ಥರು. ಬುಡಕಟ್ಟಿನ ನಾಯಕ ದೊರೆಯಾದ ಕಡೆಯಲ್ಲೆಲ್ಲ ಈ ನಾಲ್ಕೂ ಕಾಣಸಿಗುತ್ತವೆ.

ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 973ರಲ್ಲಿ. ಅದಕ್ಕೂ ಮೊದಲು ಅವನು ವಿಜಯಪುರ ಸೀಮೆಯ ತರ್ದವಾಡಿ ಸಾಸಿರದ ಸಾಮಂತ. ಅದೇ ದಶಕಗಳಲ್ಲಿ ಯುರೋಪಿನ ಉತ್ತರ ಮತ್ತು ಪೂರ್ವದ ಬುಡಕಟ್ಟು ನಾಯಕರು ಸಾಲುಸಾಲಾಗಿ ಕ್ರೈಸ್ತ ದೀಕ್ಷೆ ಪಡೆಯುತ್ತಿದ್ದರು. ಪೋಲೆಂಡಿನ ಮೀಶ್ಕೊ ಬೊಹೀಮಿಯಾದ ಕ್ರೈಸ್ತ ರಾಜಕುಮಾರಿ ದೊಬ್ರಾವಾಳನ್ನು ಮದುವೆಯಾಗಿ, 966ರಲ್ಲಿ ತಾನೂ ದೀಕ್ಷಾಸ್ನಾನ ಮಾಡಿದ. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೆಂದು ಹರಾಲ್ಡ್ ದೊರೆ ಯೆಲ್ಲಿಂಗ್ ಎಂಬಲ್ಲಿ ಕಲ್ಲು ಕಡೆಸಿದ. ಕೀವ್‌ನ ವ್ಲಾದಿಮಿರ್ 988ರ ಸುಮಾರಿಗೆ ಬೈಜಾಂಟಿಯಂ ಚಕ್ರವರ್ತಿಯ ತಂಗಿಯ ಕೈಹಿಡಿದು, ತಾನೇ ಹಿಂದೆ ನಿಲ್ಲಿಸಿದ್ದ ಗುಡುಗಿನ ದೇವರು ಪೆರುನ್‌ನ ಮೂರ್ತಿಯನ್ನು ನದಿಗೆ ತಳ್ಳಿಸಿದ. ಹಂಗೆರಿಯ ಸ್ಟೀಫನ್ ಕಿರೀಟ ಧರಿಸುವ ಹೊತ್ತಿಗೆ ಸಾವಿರದ ಇಸವಿ ಬಂದಿತ್ತು.

ಇವರ ಭಕ್ತಿ ಎಷ್ಟು ಆಳವಾಗಿತ್ತೆಂದು ಅಳೆಯುವುದು ಕಷ್ಟ. ಲಾಭ ಮಾತ್ರ ಸ್ಪಷ್ಟವಾಗಿತ್ತು. ಅಕ್ರೈಸ್ತರ ಮೇಲೆ ದಂಡೆತ್ತಿ ಬರುತ್ತೇವೆ ಎನ್ನುವ ನೆರೆಯ ಜರ್ಮನ್ ಒಡೆಯರ ನೆಪ ತಪ್ಪಿತು. ಬಿಷಪ್‌ನ ಜೊತೆಗೆ ಓದುಬರಹ ಬಲ್ಲವರು ಬಂದರು, ದೊಡ್ಡ ಅರಮನೆಗಳ ಜೊತೆ ಹೆಣ್ಣು ಕೊಟ್ಟು ತರುವ ನಂಟು ಕುದುರಿತು.

ದಖ್ಖನ್ನಿನಲ್ಲಿ ಈ ದಾರಿ ಇನ್ನೂ ಹಳೆಯದು. ಬಾದಾಮಿಯ ಬಂಡೆಯ ಮೇಲಿರುವ 543ರ ಶಾಸನದಲ್ಲಿ ಮೊದಲನೇ ಪುಲಕೇಶಿ ಅಶ್ವಮೇಧದ ಜೊತೆಗೆ ಹಿರಣ್ಯಗರ್ಭವನ್ನೂ ಮಾಡಿದನೆಂದಿದೆ. ಹಿರಣ್ಯಗರ್ಭವೆಂದರೆ ಬಂಗಾರದ ದೊಡ್ಡ ಪಾತ್ರೆಯೊಳಗೆ ದೊರೆ ಕೂರಬೇಕು. ಪುರೋಹಿತರು ಗರ್ಭಾಧಾನದಿಂದ ಜಾತಕರ್ಮದವರೆಗಿನ ಸಂಸ್ಕಾರಗಳನ್ನು ಮಾಡಬೇಕು. ಹೊರಬಂದವನು ಹೊಸದಾಗಿ ಹುಟ್ಟಿದವನು, ಪಾತ್ರೆಯ ಚಿನ್ನ ಬ್ರಾಹ್ಮಣರಿಗೆ ದಾನ. ರಾಷ್ಟ್ರಕೂಟ ದಂತಿದುರ್ಗ ಇದನ್ನೇ ಉಜ್ಜಯಿನಿಯಲ್ಲಿ ಮಾಡಿದ. ಮೀಶ್ಕೊ ನೀರಿನಿಂದ ಎದ್ದುಬಂದ, ಪುಲಕೇಶಿ ಬಂಗಾರದಿಂದ. ಇಬ್ಬರಿಗೂ ಅದು ಎರಡನೇ ಹುಟ್ಟು.

ಹುಟ್ಟು ಹೊಸದಾದ ಮೇಲೆ ವಂಶವೂ ಬೆಳೆಯಬೇಕಲ್ಲ. ಚಾಲುಕ್ಯರು ತಮ್ಮನ್ನು ಮಾನವ್ಯ ಗೋತ್ರದವರು, ಹಾರೀತಿಪುತ್ರರು, ಸಪ್ತಮಾತೃಕೆಯರು ಸಾಕಿದ ಮಕ್ಕಳು ಎಂದುಕೊಂಡರು. ಅವರಿಗಿಂತ ಮೊದಲು ಬನವಾಸಿಯ ಕದಂಬರೂ ಇದೇ ಗೋತ್ರ ಹೇಳಿಕೊಂಡಿದ್ದರು. 1009ರ ಕೌಠೆಂ ತಾಮ್ರಪಟದ ಹೊತ್ತಿಗೆ ಕತೆ ಅಯೋಧ್ಯೆಯನ್ನು ಮುಟ್ಟಿತ್ತು: ಅಲ್ಲಿ 59 ಮಂದಿ ಚಾಲುಕ್ಯರು ಆಳಿದ ಮೇಲೆ ವಂಶ ದಕ್ಷಿಣಕ್ಕೆ ಬಂತಂತೆ. ಕಲ್ಯಾಣದ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನ ಕಾವ್ಯದಲ್ಲಿ ಮೂಲಪುರುಷ ನೇರವಾಗಿ ಬ್ರಹ್ಮನ ಬೊಗಸೆಯಿಂದಲೇ ಹುಟ್ಟುತ್ತಾನೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ದೊರೆತನಕ್ಕೆ ಕತ್ತಿಯಷ್ಟೇ ಬರಹವೂ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ಬೀದರ್ ಜಿಲ್ಲೆಯಲ್ಲಿಲ್ಲ.

ಬರೆಯುವವರನ್ನು ಬೆಳೆಸಿದ್ದು ಅಗ್ರಹಾರ, ಮಠ, ಘಟಿಕಾಸ್ಥಾನಗಳು. ಮೊದಲನೇ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ ಕಾಲದ್ದೇ, 1058ರ ನಾಗಾವಿ ಶಾಸನ. ಇಂದಿನ ಚಿತ್ತಾಪುರದ ಪಕ್ಕದ ಆ ಘಟಿಕೆಯಲ್ಲಿ ವೇದ, ಶಾಸ್ತ್ರ ಓದುವವರಿಗೆ ಊಟ-ವಸತಿಯಿತ್ತು, ಗ್ರಂಥಗಳನ್ನು ನೋಡಿಕೊಳ್ಳಲೆಂದೇ ಸರಸ್ವತಿ ಭಂಡಾರಿಗರಿದ್ದರು. ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರ ಇದೇ ಸೀಮೆಯ ಮರತೂರಿನವನು. ಕುಲದ ಪಂಚರು ನೆನಪಿನಿಂದ ತೀರಿಸುತ್ತಿದ್ದ ಆಸ್ತಿಯ ಪಾಲು, ದಾಯಭಾಗಗಳಿಗೆ ಈಗ ಗ್ರಂಥದ ಆಧಾರ ಸಿಕ್ಕಿತು. ಇಂಗ್ಲೆಂಡಿನ ಕೆಂಟ್‌ನಲ್ಲಿಯೂ ಹೀಗೇ ಆಯಿತು: 597ರಲ್ಲಿ ರೋಮಿನಿಂದ ಸನ್ಯಾಸಿಗಳು ಬಂದ ಮೇಲೆ ಎಥೆಲ್‌ಬರ್ಟ್ ತನ್ನ ಜನರ ಕಟ್ಟಳೆಗಳನ್ನು ಮೊದಲ ಬಾರಿಗೆ ಬರೆಸಿದ.

ಈ ಏರಿಕೆಯನ್ನು ಮೊದಲಿನಿಂದ ಕೊನೆವರೆಗೆ ನೋಡಬೇಕೆನ್ನುವವರು ಕಲ್ಯಾಣದ ಸಾಮಂತರಾಗಿದ್ದ ಹೊಯ್ಸಳರ ಕಡೆ ತಿರುಗಬೇಕು. ಮೂಡಿಗೆರೆ ಬಳಿಯ ಅಂಗಡಿ, ಅಂದಿನ ಸೊಸೆವೂರು, ಅವರ ಮೂಲ. ಜೈನ ಮುನಿ ಸುದತ್ತನ ಆಣತಿಯಂತೆ ಸಳ ಹುಲಿ ಹೊಡೆದ ಕತೆ ಗುರು, ಕಾಡು, ನಾಯಕ ಮೂರನ್ನೂ ಒಂದೇ ಚಿತ್ರದಲ್ಲಿ ತರುತ್ತದೆ. ಎರೆಯಂಗ ಚಾಲುಕ್ಯರ ದಂಡಿನ ಜೊತೆ ಮಾಳವದ ಧಾರೆಯವರೆಗೆ ಹೋಗಿ ಕಾದಿದ. ಅವನ ಮಗ ವಿಷ್ಣುವರ್ಧನ ತಲಕಾಡು ಗೆದ್ದು 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದ, ಹಿರಣ್ಯಗರ್ಭ ಮತ್ತು ತುಲಾಪುರುಷ ದಾನಗಳನ್ನು ಮಾಡಿದ. ಯಾದವ ಕುಲ, ದ್ವಾರಾವತಿ ಎಲ್ಲ ಸೇರಿದ ಮೇಲೂ ‘ಮಲೆಪರೊಳ್ ಗಂಡ’, ಅಂದರೆ ಮಲೆಯ ನಾಯಕರಲ್ಲಿ ಶೂರ ಎಂಬ ಹಳೆಯ ಬಿರುದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಘಟ್ಟದ ಕುಲಗಳಿಗೆ ಅರ್ಥವಾಗುತ್ತಿದ್ದ ಬಿರುದು ಅದೇ ತಾನೆ.

ಇನ್ನು ಕೆಳಗಿನವರ ಪಾಲಿಗೆ ಬಂದದ್ದನ್ನು ವೀರಗಲ್ಲುಗಳಲ್ಲಿ ಓದಬಹುದು. ಕೆಳಗಿನ ಪಟ್ಟಿಯಲ್ಲಿ ತುರುಗೊಳ್, ದನ ಹೊಡೆದುಕೊಂಡು ಹೋದವರ ಜೊತೆ ಕಾದಾಟ. ನಡುವೆ ಅಪ್ಸರೆಯರು ಸತ್ತವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಲಿಂಗ, ಪೂಜಾರಿ, ಕೈಮುಗಿದ ವೀರ. ದನಗಾಹಿ ಸಮಾಜವೊಂದು ಪುರಾಣದ ಸ್ವರ್ಗದೊಳಗೆ ಬಂದ ಬಗೆ ಒಂದೇ ಕಲ್ಲಿನಲ್ಲಿದೆ.

ದೇವರುಗಳೂ ಹೀಗೇ ಬಂದರು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಕುರಿಗಾರರ ದೇವರು. ಭಂಡಾರ, ನಾಯಿ, ಕುದುರೆ ಅವನ ಗುರುತು. ಪುರಾಣದಲ್ಲಿ ಅವನು ಶಿವನ ಅವತಾರ ಮಾರ್ತಾಂಡ ಭೈರವನಾದ. ಮರಾಠಿ ಸೀಮೆಯಲ್ಲಿ ಖಂಡೋಬನೆನಿಸಿದ ಅವನಿಗೆ ಇಬ್ಬರು ಹೆಂಡಿರು, ಒಬ್ಬಳು ವ್ಯಾಪಾರಿ ಮನೆಯವಳು, ಇನ್ನೊಬ್ಬಳು ಕುರಿಗಾರರ ಮಗಳು. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ದಖ್ಖನ್ನಿನ ಪಶುಪಾಲಕರ ನಡುವೆ ವರ್ಷಗಟ್ಟಲೆ ತಿರುಗಿ ಇಂಥ ದೇವರುಗಳ ಕತೆಗಳನ್ನು ಕಲೆಹಾಕಿದರು.

ಪೆರುನ್ ನದಿಪಾಲಾದ, ಮೈಲಾರ ಗುಡಿಗೆ ಬಂದ. ಎರಡು ದಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ ಎಂದು ಹೇಳಿ ಹೆಮ್ಮೆಪಡುವುದು ಸುಲಭ. ಅದರಲ್ಲಿ ನಿಜವೂ ಉಂಟು. ಶಾರ್ಲಮೇನ್ 782ರಲ್ಲಿ ವೆರ್ಡನ್‌ನಲ್ಲಿ 4,500 ಸ್ಯಾಕ್ಸನರ ತಲೆ ತೆಗೆಸಿದನೆಂದು ಅವನ ಕಡೆಯ ದಾಖಲೆಯೇ ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, 1095ರಲ್ಲಿ ಡಂಬಳದ ಬೌದ್ಧ ವಿಹಾರಕ್ಕೆ ದತ್ತಿ ಸಂದಿತು. ಆದರೆ ಇಲ್ಲೆಲ್ಲ ಶಾಂತಿಯೇ ಇತ್ತೆಂದರೆ ತಪ್ಪಾದೀತು. ಏಕಾಂತದ ರಾಮಯ್ಯ ಜೈನರೊಡನೆ ತಲೆಯನ್ನೇ ಪಣವಿಟ್ಟು, ಬಸದಿ ಕೆಡವಿದ ಕತೆ ಅಬ್ಬಲೂರಿನ ಶಾಸನದಲ್ಲಿದೆ.

ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆಯೇ ಇದೆ. ಫ್ರಾಂಕರ ಕ್ಲೋವಿಸ್ ರೀಮ್ಸ್‌ನಲ್ಲಿ ದೀಕ್ಷಾಸ್ನಾನ ಮಾಡಿದಾಗ ಜೊತೆಗೆ 3,000ಕ್ಕೂ ಹೆಚ್ಚು ಸೈನಿಕರು ನೀರಿಗಿಳಿದರೆಂದು ತೂರ್‌ನ ಗ್ರೆಗರಿ ಬರೆದಿದ್ದಾನೆ. ಒತ್ತಾಯದಿಂದಲೋ ಒಪ್ಪಿಯೋ, ದೊರೆಗೂ ದನಗಾಹಿಗೂ ಅಲ್ಲಿ ಒಂದೇ ಸಂಸ್ಕಾರ. ಜೀತ ತಪ್ಪಲಿಲ್ಲ, ಆದರೆ ಚರ್ಚಿನ ಬಾಗಿಲು ಎಲ್ಲರಿಗೂ ಒಂದೇ ಆಯಿತು. ಇಲ್ಲಿ ಬಂಗಾರದ ಗರ್ಭ ಹೊಕ್ಕು ಬಂದದ್ದು ದೊರೆ ಒಬ್ಬನೇ. ಅವನು ಕ್ಷತ್ರಿಯನಾದ. ಅವನ ದಂಡಿನಲ್ಲಿ ಸತ್ತ ಬೇಡ, ಕುರುಬ, ಹೊಲ ಉತ್ತವ, ಚರ್ಮ ಹದಮಾಡಿದವ ಜಾತಿಗಳಾಗಿ ಕೆಳಗುಳಿದರು. ಅವರ ದೇವರಿಗೆ ಗುಡಿಯೊಳಗೆ ಜಾಗ ಸಿಕ್ಕಿತು, ಅವರಲ್ಲಿ ಬಹಳ ಮಂದಿಗೆ ಸಿಗಲಿಲ್ಲ.

ಕಲ್ಯಾಣದಲ್ಲಿ ಬಸವಣ್ಣ ಮತ್ತು ಶರಣರು ಕೈಹಾಕಿದ್ದು ಸರಿಯಾಗಿ ಈ ಗಾಯಕ್ಕೆ. ಬಿಜ್ಜಳ ಚಾಲುಕ್ಯರ ಸಿಂಹಾಸನ ಹಿಡಿದು 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನು ಧರಿಸುತ್ತಿದ್ದಾಗ, ಅದೇ ಊರಿನಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಅಂಗೈಯಲ್ಲಿ ಲಿಂಗ ಹಿಡಿದಿದ್ದರು. ಹಿರಣ್ಯಗರ್ಭಕ್ಕೆ ಮಣಗಟ್ಟಲೆ ಚಿನ್ನ ಬೇಕು, ಇಷ್ಟಲಿಂಗಕ್ಕೆ ಬೇಡ. ಎರಡನೇ ಹುಟ್ಟು ಅರಮನೆಯಿಂದ ಬೀದಿಗಿಳಿದಿತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆಯಿಂದ ಊರು ಹೊತ್ತಿಕೊಂಡಿತೆಂದು ಶರಣ ಪರಂಪರೆ ಹೇಳುತ್ತದೆ. ಬಿಜ್ಜಳನ ಆಳ್ವಿಕೆ 1167-68ರ ಸುಮಾರಿಗೆ ಮುಗಿಯಿತು, ಶರಣರು ಉಳವಿಯ ಕಡೆ ಚದುರಿದರು.

ಮುಂದೆ ಅದೇ ಧರ್ಮಕ್ಕೂ ಕಿರೀಟ ಬಂತು. ಸುಮಾರು 1500ರಿಂದ 1763ರವರೆಗೆ ಮಲೆನಾಡನ್ನು ಆಳಿದ ಕೆಳದಿಯ ನಾಯಕರು ವೀರಶೈವರು. ಆ ಮನೆತನದವನೊಬ್ಬ ಜಂಗಮ ವೇಷದಲ್ಲಿ ಕೊಡಗಿಗೆ ಹೋಗಿ ಹಾಲೇರಿ ವಂಶಕ್ಕೆ ಮೂಲವಾದನೆಂದು ಪ್ರತೀತಿ. ಅಲ್ಲಿನ ಕೊಡವರ ಒಕ್ಕಗಳಿಗೆ, ಅಂದರೆ ಕುಲಗಳಿಗೆ, ತಮ್ಮದೇ ಮೂಲಪುರುಷ ಕಾರಣವ, ತಮ್ಮದೇ ಗುರುಹಿರಿಯರಿದ್ದರು. ಅವುಗಳ ಮೇಲೆ ಲಿಂಗಧಾರಿ ದೊರೆಗಳು ರಾಜ್ಯ ಕಟ್ಟಿದರು.

ಆ ರಾಜ್ಯವನ್ನು ಕಂಪನಿ ಸರ್ಕಾರ 1834ರಲ್ಲಿ ಕಿತ್ತುಕೊಂಡಿತು. ಕೊನೆಯ ದೊರೆ ಚಿಕವೀರರಾಜೇಂದ್ರ ಕಾಶಿಯಲ್ಲಿ ವರ್ಷಗಟ್ಟಲೆ ಸೆರೆಯಾಳಿನಂತಿದ್ದು, 1852ರಲ್ಲಿ ಮಗಳು ಗೌರಮ್ಮಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ವಶದಲ್ಲಿದ್ದ ತನ್ನ ಹಣ ಕೇಳುವುದು ಅವನ ಉದ್ದೇಶ. ಅದೇ ವರ್ಷ ಆ ಎಳೆಯ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದಳು. ಮೀಶ್ಕೊನ ಕೈಗೆ ರಾಜ್ಯವನ್ನು ಭದ್ರಪಡಿಸಿಕೊಟ್ಟ ಆ ಸ್ನಾನ ಹಾಲೇರಿಯವರಿಗೆ ಬಂದದ್ದು ರಾಜ್ಯ ಹೋಗಿ ಹದಿನೆಂಟು ವರ್ಷಗಳ ಮೇಲೆ. ಚಿಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲೇ ಹೋದಳು.